ಹದಿನಾಲ್ಕರ ಎಣಿಕೆ

ಹಾಸಿಗೆಯ ಮೇಲೆ ಬಿದ್ದುಕೊಂಡು ಹೊರಳಾಡುವವರಿಗೆ ಅದು ಎಲ್ಲಿಂದ ಬಂತು ಎಂಬ ಚಿಂತೆ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಅಂಗಡಿಯಲ್ಲಿ ಅಂಗೈ ಒತ್ತಿ ನೋಡುತ್ತಾರೆ, ಕೈ ತೆಗೆದ ಕೂಡಲೇ ಮತ್ತೆ ಉಬ್ಬಿ ಬಂದರೆ ತಲೆಯಾಡಿಸುತ್ತಾರೆ, ಮನೆಗೆ ಹೊರಿಸಿಕೊಂಡು ಹೋಗುತ್ತಾರೆ. ನೀವು ಕೊಂಡದ್ದರಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಬರೀ ಗಾಳಿ ಎಂದು ಯಾರಾದರೂ ಹೇಳಿದರೆ ಜಗಳಕ್ಕೇ ಬಂದಾರು. ಆ ಗಾಳಿಯನ್ನು ಒಳಗೆ ಕೂಡಿಹಾಕುವ ಬಗೆ ಊರಾಚೆಯ ಒಂದು ತಗಡಿನ ಷೆಡ್ಡಿನಲ್ಲಿ ಹದಿಮೂರು ಜನಕ್ಕೆ ಗೊತ್ತಿತ್ತು. ಸರಿಯಾಗಿ ಗೊತ್ತಿದ್ದವನು ಮಾತ್ರ ಒಬ್ಬನೇ, ಮೇಸ್ತ್ರಿ.

ಅವನ ಹೆಂಡತಿ ಅದೇ ಷೆಡ್ಡಿನಲ್ಲಿ, ಗೋಡೆಯ ಆಚೆ ಬದಿಗೆ, ಫೋಮಿನ ದಿಮ್ಮಿ ಸೀಳುವ ಕೆಲಸಕ್ಕಿದ್ದಳು. ಮೇಸ್ತ್ರಿಯ ತಮ್ಮ ಅವಳನ್ನು ಅತ್ತಿಗೆ ಎನ್ನುತ್ತಿದ್ದುದರಿಂದ ಉಳಿದವರಿಗೂ ಅವಳು ಅತ್ತಿಗೆಯೇ ಆದಳು. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಲಾರಿಯವನು ಸಹ ಹಾಗೇ ಕೂಗಿದಾಗ ಮೊದಮೊದಲು ಮುಖ ಗಂಟಿಕ್ಕುತ್ತಿದ್ದಳು, ಆಮೇಲೆ ಬಿಟ್ಟುಕೊಟ್ಟಳು.

ಗೋಡೆಯ ಈಚೆ ನಡೆಯುತ್ತಿದ್ದ ಕೆಲಸ ಇಷ್ಟು. ನೆಲದ ಮೇಲೆ ಮಂಚದಷ್ಟು ಉದ್ದಗಲದ ಒಂದು ಮರದ ಪೆಟ್ಟಿಗೆ, ಒಳಗೆಲ್ಲ ತೆಳು ಹಾಳೆ ಹೊದಿಸಿದ್ದು. ಅದರ ನಡುವೆ ಸರಪಳಿಯಲ್ಲಿ ತೂಗುಬಿಟ್ಟ, ತಳವೇ ಇಲ್ಲದ ಒಂದು ಡ್ರಮ್ಮು. ಡ್ರಮ್ಮನ್ನು ಪೆಟ್ಟಿಗೆಯ ತಳಕ್ಕೆ ಒತ್ತಿ ಕೂರಿಸಿ ಅದರೊಳಗೆ ಜೇನಿನಷ್ಟು ಗಟ್ಟಿಯಾದ ಎಣ್ಣೆ, ಅಳೆದ ನೀರು, ಗುಳ್ಳೆ ಒಡೆಯದಂತೆ ಹಿಡಿಯುವ ಸೋಪಿನಂಥ ದ್ರವ, ಎರಡು ಬಾಟಲಿಯ ಮದ್ದು, ಎಲ್ಲ ಸುರಿದು ಕಡೆಯುತ್ತಾರೆ. ಇಷ್ಟರವರೆಗೆ ಏನೂ ಆಗುವುದಿಲ್ಲ. ಕೊನೆಗೆ ಬರುವುದು ಖಾರ. ಅದಕ್ಕೆ ಉದ್ದದ ಹೆಸರೊಂದು ಕ್ಯಾನಿನ ಮೇಲೆ ಇತ್ತು, ಅದರ ಪಕ್ಕ ತಲೆಬುರುಡೆಯ ಚಿತ್ರವೂ ಇತ್ತು. ಕಣ್ಣು ಮೂಗು ಉರಿಸುತ್ತಿದ್ದುದರಿಂದ ಷೆಡ್ಡಿನಲ್ಲಿ ಎಲ್ಲರೂ ಖಾರ ಎಂದೇ ಕರೆಯುತ್ತಿದ್ದರು. ಖಾರ ಬಿದ್ದ ಗಳಿಗೆಯಿಂದ ನೀರಿಗೂ ಅದಕ್ಕೂ ಹತ್ತಿಕೊಳ್ಳುತ್ತದೆ. ಗುಳ್ಳೆ ಏಳುತ್ತದೆ, ಕಾವು ಏಳುತ್ತದೆ. ಸರಿಯಾಗಿ ಬೆರೆಯಿತೋ, ಅದೇ ಹೊತ್ತಿಗೆ ಡ್ರಮ್ಮನ್ನು ಮೇಲಕ್ಕೆಳೆಯಬೇಕು. ಕೆನೆಯಂಥ ದ್ರವ ಪೆಟ್ಟಿಗೆ ತುಂಬ ಹರಿದು, ಎರಡು ನಿಮಿಷದಲ್ಲಿ ಹುದುಗು ಹಿಟ್ಟಿನಂತೆ ಎದೆಮಟ್ಟಕ್ಕೆ ಉಬ್ಬಿ ನಿಲ್ಲುತ್ತದೆ. ನೆತ್ತಿಯಲ್ಲಿ ಪುಟ್ಟ ಪುಟ್ಟ ಗುಳ್ಳೆ ಒಡೆದು ಉಸ್ಸೆಂದು ಉಸಿರು ಬಿಡುತ್ತದೆ. ಅಲ್ಲಿಗೆ ಒಂದು ದಿಮ್ಮಿ ಹುಟ್ಟಿದಂತೆ.

ಡ್ರಮ್ಮು ಎತ್ತುವ ಹೊತ್ತು ಯಾವುದು ಎಂಬುದರಲ್ಲೇ ಇಡೀ ವಿದ್ಯೆ ಇದ್ದದ್ದು. ಬೇಗ ಎತ್ತಿದರೆ ಬೆರೆಯದ ಖಾರ ಅಲ್ಲಲ್ಲಿ ಗಂಟು ಕಟ್ಟಿ ದಿಮ್ಮಿಯ ಹೊಟ್ಟೆಯಲ್ಲಿ ಕಾವು ಮಿತಿ ಮೀರುತ್ತದೆ. ತಡವಾದರೆ ಡ್ರಮ್ಮಿನಲ್ಲೇ ಉಬ್ಬಿ ಕೂರುತ್ತದೆ. ಹಿಂದೆ ಅಲ್ಲೊಂದು ಗಡಿಯಾರ ಇತ್ತು, ಸಿಡಿದ ಫೋಮು ಮೆತ್ತಿಕೊಂಡು ನಿಂತುಹೋಗಿತ್ತು. ಇನ್ನೊಂದು ತೂಗುಹಾಕಲು ಮೇಸ್ತ್ರಿ ಬಿಡಲಿಲ್ಲ. ಅವನಿಗೆ ಕಲಿಸಿದ ಗುರುವಿನ ಕ್ರಮವೇ ಬೇರೆ. ಖಾರದ ಕ್ಯಾನು ಬಗ್ಗಿಸುವ ಮೊದಲು ಎದೆ ತುಂಬ ಉಸಿರು ಎಳೆದುಕೊಳ್ಳಬೇಕು. ಆ ಒಂದೇ ಉಸಿರಿನಲ್ಲಿ ಗಟ್ಟಿಯಾಗಿ ಒಂದರಿಂದ ಹದಿನಾಲ್ಕರವರೆಗೆ ಎಣಿಸಬೇಕು. ಹದಿನಾಲ್ಕಕ್ಕೆ ಡ್ರಮ್ಮು ಮೇಲೆ, ಮೇಸ್ತ್ರಿ ಕಿಟಕಿಯ ಬಳಿ. ಅಲ್ಲಿ ಹೋಗಿ ಹೊಸ ಉಸಿರು. ಹೀಗಾಗಿ ಖಾರದ ಆವಿ ಒಳಗೆ ಹೋಗುವುದಿಲ್ಲ, ಎಣಿಕೆಯೂ ತಪ್ಪುವುದಿಲ್ಲ. ಮೊಳೆಗೆ ನೇತುಹಾಕಿದ್ದ ಮುಖವಾಡದ, ಆವಿ ಸೋಸುವ ಡಬ್ಬಿ ಬದಲಿಸಿ ಎರಡು ವರ್ಷ ದಾಟಿತ್ತು. ಅದನ್ನು ಹಾಕಿಕೊಂಡರೆ ಎಣಿಸಲಾಗುವುದಿಲ್ಲ ಎಂದು ಅವನು ಅದರ ಕಡೆ ನೋಡುತ್ತಲೂ ಇರಲಿಲ್ಲ.

"ಡ್ರಮ್ಮಿನ ಹತ್ರ ಒಂದೇ ಬಾಯಿ," ಎನ್ನುತ್ತಿದ್ದ. ಅವನು ಎಣಿಸುವಾಗ ಕಡೆಯುವವನಾಗಲಿ, ಸರಪಳಿ ಎಳೆಯುವವನಾಗಲಿ ತುಟಿ ಬಿಚ್ಚುವಂತಿರಲಿಲ್ಲ. ಯಜಮಾನರು ಫೋನು ಕಿವಿಗಿಟ್ಟುಕೊಂಡು ಒಳಗೆ ಬಂದರೂ ಬಾಗಿಲಲ್ಲೇ ಮಾತು ನುಂಗುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಅವನಿಗೆ ಸಿಕ್ಕ ಮರ್ಯಾದೆಯೆಲ್ಲ ಆ ಹದಿನಾಲ್ಕು ಅಂಕಿಯೊಳಗೇ ಇತ್ತು.

ಹುಟ್ಟಿದ ದಿಮ್ಮಿಯನ್ನು ಗಾಲಿಯ ಹಲಗೆಯ ಮೇಲೆ ತಳ್ಳಿಕೊಂಡು ಹೋಗಿ ಆರಿಸುವ ಕೋಣೆಯಲ್ಲಿ ಒಂದು ಹಗಲು ಒಂದು ರಾತ್ರಿ ಬಿಡಬೇಕು. ಹೊರಗೆ ಮುಟ್ಟಿದರೆ ಬೆಚ್ಚಗೆ, ಒಳಗೆ ಕುದಿಯುವ ನೀರಿಗಿಂತ ಬಿಸಿ. ಫೋಮಿನ ಗುಣವೇ ಅದು, ತನ್ನ ಕಾವನ್ನು ತಾನೇ ಹೊದ್ದುಕೊಂಡು ಕೂರುತ್ತದೆ. ಅದಕ್ಕೇ ಒಂದರಿಂದ ಒಂದಕ್ಕೆ ಒಂದು ತೋಳಿನಷ್ಟು ಜಾಗ ಬಿಟ್ಟು ನಿಲ್ಲಿಸುವುದು. ಆ ಕೋಣೆಯ ಕಾವಲು ಮೇಸ್ತ್ರಿಯ ತಮ್ಮನದು. ಮೂವತ್ತಾರು ದಾಟಿದ ಗಂಡಸು, ಮದುವೆಯ ಮಾತೆತ್ತಿದರೆ "ನಂಗೆ ಈಗ್ಲೇ ದಿನಕ್ಕೆ ಹನ್ನೆರಡು ಮಕ್ಕಳು" ಎಂದು ಹಲ್ಲು ಬಿಡುವವನು. ಆರಿಸುವ ಕೋಣೆಗೆ ಬಾಣಂತಿ ಕೋಣೆ ಎಂದು ಹೆಸರಿಟ್ಟವನು ಅವನೇ. ಉದ್ದನೆಯ ಕಂಬಿಯ ತುದಿಯಲ್ಲಿ ಉಷ್ಣಮಾಪಕ ಸಿಕ್ಕಿಸಿಕೊಂಡು ದಿನದ ಮೊದಲ ದಿಮ್ಮಿಗೂ ಕೊನೆಯ ದಿಮ್ಮಿಗೂ ಚುಚ್ಚಿ ನೋಡುತ್ತಿದ್ದ. ಮಕ್ಕಳಿಗೆ ಜ್ವರ ನೋಡುವುದು ಎನ್ನುತ್ತಿದ್ದ. ಅವನಿಗೆ ಹನ್ನೊಂದು ವರ್ಷವಾಗಿದ್ದಾಗ ಅತ್ತಿಗೆ ಆ ಮನೆಗೆ ಸೊಸೆಯಾಗಿ ಬಂದಿದ್ದಳು. ಅತ್ತೆ ಅದಾಗಲೇ ತೀರಿಕೊಂಡಿದ್ದರು. ಅವನ ತಲೆಯ ಹೇನು ತೆಗೆದದ್ದು, ಮಗ್ಗಿ ಬಾಯಿಪಾಠ ಮಾಡಿಸಿದ್ದು, ಮೊದಲ ಬೀಡಿಗೆ ಬೆನ್ನಿಗೆ ಬಾರಿಸಿದ್ದು ಎಲ್ಲ ಅವಳೇ. ತನಗೆ ಮಕ್ಕಳಾಗಲಿಲ್ಲ ಎಂಬ ಕೊರಗು ಅವಳನ್ನು ಅಷ್ಟಾಗಿ ಕಾಡದೇ ಇದ್ದದ್ದು ಅವನಿಂದಲೇ.

ಮಾರನೆಯ ದಿನ ಆರಿದ ದಿಮ್ಮಿ ಅತ್ತಿಗೆಯ ಕೋಣೆಗೆ ಬರುತ್ತದೆ. ಹಳಿಯ ಮೇಲೆ ಓಡುವ ಉದ್ದನೆಯ ಮೇಜು, ಅದಕ್ಕಡ್ಡಲಾಗಿ ಸುತ್ತುವ ಉಕ್ಕಿನ ಪಟ್ಟಿ. ಗುಂಡಿ ಒತ್ತಿದರೆ ಮೇಜು ದಿಮ್ಮಿಯನ್ನು ಹೊತ್ತು ಪಟ್ಟಿಯ ಕೆಳಗೆ ಸಾಗಿ ಆ ತುದಿಯ ಕಬ್ಬಿಣಕ್ಕೆ ಟಕ್ಕೆಂದು ತಾಗಿ ನಿಲ್ಲುತ್ತದೆ. ಒಂದು ಸಲ ಹೋದರೆ ಒಂದು ಹಾಳೆ, ಒಂದು ಹಾಸಿಗೆ. ಗೋಡೆಯಾಚೆಯಿಂದ ಗಂಡನ "ಒಂದು" ಕೇಳಿಸಿದ ಕೂಡಲೇ ಗುಂಡಿ ಒತ್ತುವುದು ಅವಳಿಗೆ ರೂಢಿ. ಹೊಸದರಲ್ಲಿ ಅದು ಆಟವಾಗಿತ್ತು. ಅವನು ಗಟ್ಟಿಯಾಗಿ ಎಣಿಸುತ್ತಿದ್ದ, ಅವಳು ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಅವನ ಹದಿನಾಲ್ಕೂ ಮೇಜಿನ ಟಕ್ಕೂ ಒಟ್ಟಿಗೆ ಬರುತ್ತಿದ್ದವು. ಗಂಡ ಹೆಂಡಿರ ನಡುವೆ ಹಗಲಿನಲ್ಲಿ ಅಷ್ಟೇ ಮಾತು, ಅಷ್ಟೇ ಸಾಕಾಗಿತ್ತು.

ಹೋದ ವರ್ಷದಿಂದ ಮೇಸ್ತ್ರಿಗೆ ಕೆಮ್ಮು ಹತ್ತಿತ್ತು. ಮನೆಗೆ ಬಂದ ಮೇಲೆ ಶುರುವಾದರೆ ಗೋಡೆಗೆ ಒರಗಿಯೇ ಮಲಗಬೇಕು. ಧೂಳು ಎಂದ, ಶೀತ ಎಂದ, ವಯಸ್ಸು ಎಂದ. ಕೊನೆಗೆ ಅತ್ತಿಗೆ ಕೈಹಿಡಿದು ಎಳೆದುಕೊಂಡು ಆಸ್ಪತ್ರೆಗೆ ಹೋದಳು. ಡಾಕ್ಟರು ಅವನಿಂದ ಒಂದು ಕೊಳವೆಗೆ ಊದಿಸಿ, ಬಂದ ಗೆರೆ ನೋಡಿ, ಏನು ಕೆಲಸ ಎಂದು ಕೇಳಿದರು. ಹೇಳಿದಾಗ ಪೆನ್ನು ಕೆಳಗಿಟ್ಟರು.

"ಇದು ಧೂಳಿನ ಕಾಯಿಲೆ ಅಲ್ಲ. ನಿಮ್ಮ ಎದೆ ಆ ಒಂದು ರಾಸಾಯನಿಕದ ಗುರುತು ಹಿಡಿದುಬಿಟ್ಟಿದೆ. ಇನ್ಮೇಲೆ ಅದು ಒಂಚೂರು ತಾಗಿದ್ರೂ ಬಾಗಿಲು ಮುಚ್ಚಿಕೊಳ್ಳುತ್ತೆ. ಔಷಧಿ ಕೊಡ್ತೀನಿ, ಆದರೆ ಔಷಧಿ ಅಂದ್ರೆ ಆ ಕೆಲಸ ಬಿಡೋದೇ."

 ಮನೆಗೆ ಬಂದವನೇ ಮೇಸ್ತ್ರಿ ಮೆಟ್ಟಿಲ ಮೇಲೆ ಕೂತು ಅವಳ ಕೈ ತೆಗೆದು ತನ್ನ ನೆತ್ತಿಯ ಮೇಲಿಟ್ಟುಕೊಂಡ.

"ನನ್ನ ತಲೆ ಮೇಲಾಣೆ, ಯಾರ ಹತ್ರನೂ ಬಾಯಿ ಬಿಡಬೇಡ. ನಾನು ಬಿಟ್ರೆ ಯಜಮಾನ್ರು ಮಿಷನ್ನು ತರ್ತಾರೆ. ಅದು ತಾನೇ ಬೆರೆಸುತ್ತೆ, ತಾನೇ ಸುರಿಯುತ್ತೆ. ನಾನೊಬ್ಬನೇ ಅಲ್ಲ, ಇಡೀ ಈ ಕಡೆ ಮನೆಗೆ ಹೋಗ್ಬೇಕಾಗುತ್ತೆ. ನನ್ನನ್ನ ಗೇಟಲ್ಲಿ ಕೂರಿಸ್ತಾರೆ, ಲಾರಿ ನಂಬರ್ ಬರಿ ಅಂತ."

"ಗೇಟಲ್ಲಿ ಕೂತ್ರೆ ಏನೀಗ? ಉಸಿರು ಇರುತ್ತಲ್ಲ."

"ಅದು ಬರೀ ಉಸಿರು ಕಣೇ," ಎಂದ.

ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಗಂಡನ ಮಾನ ಉಳಿಸುತ್ತಿದ್ದೇನೆ ಎಂದುಕೊಂಡಳು. ಮನುಷ್ಯರು ಕೆಟ್ಟದ್ದನ್ನು ಮಾಡುವುದು ಹೆಚ್ಚಾಗಿ ಇಂಥ ಒಳ್ಳೆಯ ಮಾತುಗಳ ನೆರಳಿನಲ್ಲೇ.

ಬೇಸಿಗೆ ಬಲಿಯುವ ಹೊತ್ತಿಗೆ ಒಂದು ಬೆಳಿಗ್ಗೆ ದಿಮ್ಮಿಯ ನಡುಹಾಳೆ ಸೀಳಿ ಎತ್ತಿದಾಗ ಅವಳಿಗೆ ಮಧ್ಯದಲ್ಲೊಂದು ಕಲೆ ಕಂಡಿತು. ನಿಂಬೆಹಣ್ಣಿನಷ್ಟು ಅಗಲ, ತಿಳಿ ಚಹಾದ ಬಣ್ಣ. ಒಳಗಿನ ಕಾವು ಹೆಚ್ಚಾದರೆ ಹೊಟ್ಟೆ ಕಂದುತ್ತದೆ ಎಂದು ಅವಳಿಗೆ ಗೊತ್ತಿತ್ತು, ಅಪರೂಪಕ್ಕೆ ಆಗುವುದೇ. ಆದರೆ ಮರುದಿನವೂ ಇತ್ತು. ನಾಲ್ಕನೆಯ ದಿನ ಅಂಗೈಯಷ್ಟಾಯಿತು. ಒತ್ತಿ ನೋಡಿದರೆ ಅಲ್ಲಿ ಫೋಮು ಮತ್ತೆ ಏಳಲಿಲ್ಲ, ಬೆರಳಿನ ಗುರುತು ಹಾಗೇ ಉಳಿಯಿತು.

ನೀರು ಹೆಚ್ಚಾಗಿರಬೇಕು ಎಂದುಕೊಂಡು ಯಾವುದೋ ನೆಪ ಮಾಡಿ ತೂಕದವನ ಬಳಿ ನಿಂತು ನೋಡಿದಳು. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆ ಮಧ್ಯಾಹ್ನ ಗೋಡೆಯಾಚೆ "ಒಂದು" ಕೇಳಿಸಿತು, ಗುಂಡಿ ಒತ್ತಿದಳು. "ಹದಿನಾಲ್ಕು" ಕೇಳಿಸಿತು. ಮೇಜು ಇನ್ನೂ ಹೋಗುತ್ತಲೇ ಇತ್ತು. ಅದರ ಪಾಡಿಗೆ ಅದು ಉಳಿದ ದಾರಿಯನ್ನು ತೆವಳಿ ಟಕ್ಕೆಂದಿತು.

ಹಳಿಗೆ ಎಣ್ಣೆ ಬಿಡಿಸಿದಳು. ಮೋಟಾರು ನಿಧಾನವಾಗಿದೆ ಎಂದು ಎಲೆಕ್ಟ್ರಿಷಿಯನ್ನನ್ನು ಕರೆಸಿದಳು. ಅವನು ಗಡಿಯಾರ ಹಿಡಿದು ನೋಡಿ, "ಅತ್ತಿಗೆ, ಮೇಜು ಹುಟ್ಟಿದಾಗ ಎಷ್ಟು ಓಡ್ತಿತ್ತೋ ಅಷ್ಟೇ ಓಡ್ತಿದೆ" ಎಂದು ಹೋದ. ಮೇಜು ಸರಿಯಿತ್ತು. ಹದಿನಾಲ್ಕು ಅಂಕಿಯೂ ಸರಿಯಿತ್ತು, ಒಂದೂ ಬಿಟ್ಟುಹೋಗುತ್ತಿರಲಿಲ್ಲ. ಹಾಗಾಗಿಯೇ ಡ್ರಮ್ಮಿನ ಸುತ್ತ ನಿಂತವರಿಗೆ ಏನೂ ಗೊತ್ತಾಗಲಿಲ್ಲ. ಎದೆಯಲ್ಲಿ ಹಿಡಿಸುವ ಗಾಳಿ ಕಡಿಮೆಯಾಗಿತ್ತು. ಒಂದೇ ಉಸಿರಿನಲ್ಲಿ ಹದಿನಾಲ್ಕನ್ನೂ ತುರುಕಬೇಕೆಂದು ಅವನಿಗೇ ತಿಳಿಯದಂತೆ ನಾಲಿಗೆ ಓಡುತ್ತಿತ್ತು.

ಆ ರಾತ್ರಿ ಮನೆಯಲ್ಲಿ ಊಟ ಮುಗಿಸಿ ತಮ್ಮ ಹೊರಗೆ ಹೋದ ಮೇಲೆ ಅವಳು ಮಾತು ತೆಗೆದಳು.

"ರೀ, ಎಣಿಸೋದು ಸ್ವಲ್ಪ ಜೋರಾಯ್ತೇನೋ."

"ಕೂಗೋದಾ?"

"ಅಲ್ಲ. ಓಡೋದು. ಸ್ವಲ್ಪ ನಿಧಾನ ಮಾಡಿ."

ಅವನು ತಟ್ಟೆಯಿಂದ ತಲೆಯೆತ್ತಿದ. "ಇಪ್ಪತ್ತೆರಡು ವರ್ಷ ಆದ್ಮೇಲೆ ನಂಗೆ ಎಣಿಸೋದು ಹೇಳ್ಕೊಡ್ತೀಯಾ?" ಎಂದ. ಅವನ ಮೂಗಿನ ತುದಿ ಬಿಳಿಚಿಕೊಂಡಿತು. ಅವಳು ಕಲೆಯ ವಿಷಯ ನುಂಗಿಕೊಂಡಳು. ಕಂದಿದ ಹಾಳೆ ತೋರಿಸಿದ್ದರೆ ಅವನು ನಂಬುತ್ತಿದ್ದ, ಆದರೆ ಅದನ್ನು ತೋರಿಸುವುದೆಂದರೆ ಅವನ ಎದೆ ಸೀಳಿ ತೋರಿಸಿದ ಹಾಗೆ ಎಂದು ಅವಳಿಗೆ ಕಂಡಿತು. ತೋರಿಸಲಿಲ್ಲ.

ಮಾತು ಮಾತ್ರ ಅವನಿಗೆ ನಾಟಿತ್ತು. ಮಾರನೆಯ ದಿನ ಹಟಕ್ಕೆ ಬಿದ್ದು ನಿಧಾನವಾಗಿ ಎಣಿಸಿದ. ಒಂಬತ್ತಕ್ಕೆ ಉಸಿರು ಮುಗಿಯಿತು. ಎಣಿಕೆ ನಿಲ್ಲಿಸುವಂತಿಲ್ಲ, ಖಾರದ ಆವಿ ಏಳುತ್ತಿದ್ದ ಡ್ರಮ್ಮಿನ ಮೇಲೇ ಇನ್ನೊಂದು ಉಸಿರು ಎಳೆದುಕೊಂಡು "ಹತ್ತು" ಎಂದ. ಆ ಹತ್ತಿನ ಮುಂಚೆ ಎಳೆದ ಉಸಿರು ಗೋಡೆಯಾಚೆ ಅತ್ತಿಗೆಗೂ ಕೇಳಿಸಿತು. ಮೇಜೂ ಎಣಿಕೆಯೂ ಅವತ್ತು ಒಟ್ಟಿಗೇ ಮುಟ್ಟಿದವು. ಹನ್ನೆರಡು ದಿಮ್ಮಿಗೆ ಹನ್ನೆರಡು ಸಲ ಹಾಗೆ. ಸಂಜೆ ಮನೆಗೆ ಬರುವಷ್ಟರಲ್ಲಿ ಅವನ ತುಟಿ ಸೀಸದ ಬಣ್ಣಕ್ಕೆ ತಿರುಗಿತ್ತು. ಮೀನಿನ ಹಾಗೆ ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದ. ಆಸ್ಪತ್ರೆಗೆ ಬೇಡ ಎಂದು ಕೈಸನ್ನೆ ಮಾಡಿದ. ಬೆಳಗಿನ ಹೊತ್ತಿಗೆ ಹೇಗೋ ಉಸಿರು ತಿರುಗಿತು.

ನಿಧಾನ ಎಣಿಸಿದ ದಿನದ ದಿಮ್ಮಿಗಳು ಹಾಲಿನಂತೆ ಬೆಳ್ಳಗಿದ್ದವು. ಅವಳು ಒಂದೊಂದೇ ಸೀಳಿ ನೋಡಿದಳು, ಎಲ್ಲಿಯೂ ಕಲೆ ಇರಲಿಲ್ಲ. ನಿಧಾನ ಎಣಿಸಿದರೆ ಗಂಡ ಬೇಯುತ್ತಾನೆ, ಬೇಗ ಎಣಿಸಿದರೆ ದಿಮ್ಮಿ ಬೇಯುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕಿತ್ತು. ಯಾವ ಹೆಂಡತಿಯಾದರೂ ಆರಿಸುವುದನ್ನೇ ಅವಳೂ ಆರಿಸಿದಳು.

"ನನ್ನ ಮಾತು ಬಿಡಿ, ನನ್ನ ಕಿವಿಯೇ ಸರಿ ಇರಲಿಲ್ಲ," ಎಂದು ಅವನಿಗೆ ಹೇಳಿದಳು. "ಮೊದಲಿನ ಹಾಗೇ ಎಣಿಸಿ."

ಮತ್ತೆ ಕಲೆ ಬಂತು. ಅಂಗೈಯಷ್ಟಿದ್ದದ್ದು ತಟ್ಟೆಯಷ್ಟಾಯಿತು, ಚಹಾದ ಬಣ್ಣ ಬೆಲ್ಲದ ಬಣ್ಣಕ್ಕೆ ತಿರುಗಿತು. ಪ್ರತಿ ದಿಮ್ಮಿಯ ನಡುವಿನ ಎರಡು ಮೂರು ಹಾಳೆಯನ್ನು ಅವಳು ಯಾರೂ ನೋಡದ ಹಾಗೆ ಮಡಿಸಿ ಚೂರು ಮಾಡುವ ಯಂತ್ರಕ್ಕೆ ಹಾಕಿಬಿಡುತ್ತಿದ್ದಳು. ಹತ್ತು ಬಣ್ಣದ ಚೂರನ್ನು ಅಂಟು ಹಾಕಿ ಒತ್ತಿ ನೆಲಹಾಸಿನ ಅಡಿಗೆ ಕಳಿಸುವ ಸರಕು ಅದು. ಅದರಲ್ಲಿ ಕಂದು ಯಾವುದು, ಬಿಳಿ ಯಾವುದು ಎಂದು ಯಾರು ನೋಡುತ್ತಾರೆ. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಾಜೂಕಾಗಿ ಗಂಡನ ಕಾಯಿಲೆಯನ್ನು ದಿನವೂ ದಿಮ್ಮಿಯಿಂದ ತೆಗೆದು ಹಾಕುತ್ತಿದ್ದಳು.

ಒಂದು ಮಧ್ಯಾಹ್ನ ಮೈದುನ ಬುತ್ತಿ ಬಿಚ್ಚುತ್ತಾ ಅವಳ ಪಕ್ಕ ಕೂತ.

"ಅತ್ತಿಗೆ, ಮಕ್ಕಳಿಗೆ ಯಾಕೋ ಜ್ವರ ಜಾಸ್ತಿ ಬರ್ತಿದೆ. ಅಣ್ಣಂಗೆ ಹೇಳ್ದೆ. ಬೇಸಿಗೆ ಕಣೋ, ಗೋಡೆ ಮುಟ್ಟಿ ನೋಡು, ಅದಕ್ಕೂ ಜ್ವರ ಅಂದ."

"ಹೌದಲ್ಲ, ಬೇಸಿಗೆ."

"ಅಲ್ಲ, ಸೀಳಿದಾಗ ನಿಂಗೆ ಗೊತ್ತಾಗುತ್ತಲ್ಲ. ಹೊಟ್ಟೇಲಿ ಕೆಂಪಗಾಗಿದೆಯಾ? ಆಗಿದ್ರೆ ಹೇಳು. ದಿಮ್ಮಿಗಳನ್ನ ದೂರ ದೂರ ನಿಲ್ಲಿಸ್ತೀನಿ, ಬೇಕಾದ್ರೆ ಅಂಗಳಕ್ಕೆ ಹಾಕ್ತೀನಿ. ಯಜಮಾನ್ರು ಬೈದ್ರೆ ನನ್ನ ಬೈತಾರೆ."

ಅವಳು ಅನ್ನದ ತುತ್ತು ನುಂಗಿದಳು. ಕೆಂಪಗಾಗಿದೆ ಎಂದರೆ ಏಕೆ ಎಂಬ ಪ್ರಶ್ನೆ ಬರುತ್ತದೆ. ಏಕೆ ಎಂದು ಹೊರಟರೆ ಡ್ರಮ್ಮಿನ ಬಳಿಗೇ ಬಂದು ನಿಲ್ಲುತ್ತದೆ.

"ಇಲ್ಲಪ್ಪ, ಬೆಳ್ಳಗೇ ಇದೆ," ಎಂದಳು.

"ಸರಿ ಹಾಗಾದ್ರೆ. ಡಾಕ್ಟ್ರು ನೀನೇ, ನೀನು ಹೇಳಿದ್ಮೇಲೆ ಮುಗೀತು," ಎಂದು ಅವಳ ಡಬ್ಬಿಯಿಂದಲೂ ಒಂದು ಹಿಡಿ ಎತ್ತಿಕೊಂಡು ಹೋದ. ಅವನು ಅವಳ ಮಾತನ್ನು ಎಂದೂ ಪರೀಕ್ಷಿಸಿದವನಲ್ಲ.

ಅದಾದ ಐದು ದಿನಕ್ಕೆ ದೊಡ್ಡ ಆರ್ಡರು ಬಂತು. ಯಾವುದೋ ಹಾಸ್ಟೆಲ್ಲಿಗೆ ಒಂದೇ ವಾರದಲ್ಲಿ ಹಾಸಿಗೆ ಬೇಕು. ಹನ್ನೆರಡರ ಬದಲು ಹದಿನೆಂಟು ದಿಮ್ಮಿ ಎಂದು ಯಜಮಾನರು ಫೋನಿನಲ್ಲೇ ಮಾತಾಡುತ್ತಾ ಬೆರಳಿನಲ್ಲಿ ತೋರಿಸಿ ಹೋದರು. ಬಾಣಂತಿ ಕೋಣೆಯಲ್ಲಿ ಜಾಗವಿರಲಿಲ್ಲ. ತೋಳಿನ ಅಂತರ ಮೊಳವಾಯಿತು, ಮೊಳ ಗೇಣಾಯಿತು. ಇದು ಎಲ್ಲರ ಕಣ್ಣೆದುರಿಗೇ ಆಯಿತು. ಹೊಟ್ಟೆ ಬೆಳ್ಳಗಿದ್ದ ದಿಮ್ಮಿಗಳಾಗಿದ್ದರೆ ಗೇಣು ಅಂತರದಲ್ಲೂ ಹೇಗೋ ಆರುತ್ತಿದ್ದವು.

ಮೂರನೆಯ ದಿನ ಮಧ್ಯಾಹ್ನ ಊಟ ಮುಗಿದ ಹೊತ್ತು. ಸಕ್ಕರೆ ಸೀದಂಥ ವಾಸನೆ ಬಂತೆಂದು ಮೈದುನ ಒಳಗೆ ಹೋದ. ಬೆಳಿಗ್ಗೆ ಹುಟ್ಟಿದ ಆರನೆಯ ದಿಮ್ಮಿಯ ನೆತ್ತಿ ಹಳದಿಯಾಗಿತ್ತು. ಕಂಬಿ ಚುಚ್ಚಿದ. ಉಷ್ಣಮಾಪಕದ ಮುಳ್ಳು ಕೊನೆಯ ಗೆರೆ ದಾಟಿತು. ಅಂಥ ದಿಮ್ಮಿಯನ್ನು ಅಂಗಳಕ್ಕೆ ಎಳೆದು ಹಾಕಬೇಕೆಂಬುದು ನಿಯಮ, ಅವನು ಹಾಗೇ ಮಾಡಿದ. ಗಾಲಿಯ ಹಲಗೆ ತಳ್ಳುತ್ತಾ ಬಾಗಿಲಿಗೆ ಬರುವಷ್ಟರಲ್ಲಿ, ಕಂಬಿ ಮಾಡಿದ ತೂತಿನಿಂದ ಗಾಳಿ ಹೊಕ್ಕಿತೋ ಏನೋ, ದಿಮ್ಮಿ ನಡುವಿನಿಂದ ಬಿರಿದು ಉರಿ ಹೊರಗೆ ಬಂತು. ಬಿಟ್ಟು ಓಡಬಹುದಿತ್ತು. ಹಿಂದೆ ಹದಿನೇಳು ದಿಮ್ಮಿ, ಗೋಡೆಯಾಚೆ ಹನ್ನೆರಡು ಜನ. ಅವನು ಬಿಡಲಿಲ್ಲ, ತಳ್ಳಿದ. ಅಂಗಳದ ನಡುವಿನವರೆಗೂ ತಳ್ಳಿದ.

ಮೈ ಹೆಚ್ಚೇನೂ ಸುಟ್ಟಿರಲಿಲ್ಲ. ಒಂದು ಕಡೆಯ ಮೀಸೆ, ಹುಬ್ಬು, ಎರಡು ಅಂಗೈ. ಆದರೆ ಉರಿಯುವ ಫೋಮಿನ ಕಪ್ಪು ಹೊಗೆ ಎರಡೋ ಮೂರೋ ಉಸಿರು ಒಳಗೆ ಹೋಗಿತ್ತು, ಅಷ್ಟು ಸಾಕಂತೆ. ಅತ್ತಿಗೆ ಓಡಿಬಂದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಾಗ ಅವನ ಕಣ್ಣು ತೆರೆದೇ ಇದ್ದವು. ಏನೋ ಹೇಳಲು ಬಾಯಿ ಆಡಿಸಿದ. ದನಿ ಬರಲಿಲ್ಲ. ಲಾರಿಯಲ್ಲಿ ಹಾಕಿಕೊಂಡು ಹೋದರು, ಗೇಟು ದಾಟುವ ಮೊದಲೇ ಎಲ್ಲ ಮುಗಿದಿತ್ತು.

ಅವಳು ಅಳಲಿಲ್ಲ. ಹೆಂಗಸರು ಬಂದು ಬೆನ್ನು ತಟ್ಟಿ, ಅತ್ತುಬಿಡು ಎಂದರು. ಹೊಟ್ಟೆಯಲ್ಲಿ ಹುಟ್ಟದಿದ್ದರೂ ಮಗನೇ ಅಲ್ವಾ ಎಂದರು. ಆ ಮಾತಿಗೂ ಅವಳ ಕಣ್ಣು ಒದ್ದೆಯಾಗಲಿಲ್ಲ. ಇಲ್ಲಪ್ಪ, ಬೆಳ್ಳಗೇ ಇದೆ ಎಂದ ತನ್ನ ದನಿಯೇ ಅವಳಿಗೆ ಕೇಳುತ್ತಿತ್ತು.

ಅಳುತ್ತಿದ್ದವನು ಮೇಸ್ತ್ರಿ. ಅಳುತ್ತಲೇ ತಮ್ಮನನ್ನು ಬೈಯುತ್ತಿದ್ದ. "ತೋಳಿನ ಅಂತರ ಬಿಡು ಅಂತ ನೂರು ಸಲ ಹೇಳಿದ್ದೆ. ಎಲ್ಲಾದ್ರಲ್ಲೂ ತಮಾಷೆ ಅವನಿಗೆ. ಕೆಲಸದಲ್ಲೂ ತಮಾಷೆ." ಸತ್ತವನ ಮೇಲೆ ಸಿಟ್ಟು ಮಾಡಿಕೊಂಡಷ್ಟು ಹೊತ್ತು ಅವನಿಗೆ ಉಸಿರಾಡಲು ಆಗುತ್ತಿತ್ತು.

ಎಂಟನೆಯ ದಿನ ಯಜಮಾನರು ಮನೆಗೇ ಬಂದರು. ಚಪ್ಪಲಿ ಹೊರಗೆ ಬಿಟ್ಟು, ತಲೆ ತಗ್ಗಿಸಿ, ಒಂದು ಕಾಗದ ಮುಂದಿಟ್ಟರು. ವಿಚಾರಣೆಗೆ ಬರುವ ಅಧಿಕಾರಿಗಳಿಗೆ ಕೊಡಬೇಕಾದದ್ದು. ದಿಮ್ಮಿಗಳ ನಡುವೆ ಬಿಡಬೇಕಾದ ಅಂತರವನ್ನು ಬಿಡದೆ ಮೃತನು ಅಜಾಗರೂಕತೆ ತೋರಿದ್ದೇ ಅವಘಡಕ್ಕೆ ಕಾರಣ ಎಂದು ಅದರಲ್ಲಿತ್ತು. ಕೆಳಗೆ ಮೇಸ್ತ್ರಿಯ ಸಹಿಗೆ ಜಾಗ ಬಿಟ್ಟಿತ್ತು.

"ನೀವು ಅವನ ಅಣ್ಣ. ನೀವೇ ಹೇಳಿದ್ರೆ ಮುಗಿದುಹೋಗುತ್ತೆ," ಎಂದರು. "ನಾಳೆ ಷೆಡ್ಡಿನ ಬಾಗಿಲು ತೆಗೀತೀವಿ. ಆಗ ಕೊಡಿ ಸಾಕು."

"ಕೊಡ್ತೀನಿ. ಸುಳ್ಳೇನಲ್ಲ," ಎಂದ ಮೇಸ್ತ್ರಿ.

ಅತ್ತಿಗೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಮೈದುನನನ್ನು ಒಂದು ಸಲ ಸಾಯಿಸಿದ್ದಾಗಿತ್ತು. ಈಗ ಕಾಗದದ ಮೇಲೆ ಇನ್ನೊಂದು ಸಲ ಸಾಯಿಸುತ್ತಿದ್ದರು, ಅದಕ್ಕೂ ತಾನೇ ಸಾಕ್ಷಿಯಾಗಿ ನಿಂತಿದ್ದೇನೆ ಎನ್ನಿಸಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮರುದಿನ ಬೆಳಿಗ್ಗೆ ಬೇರೆಯವರು ಬರುವ ಮೊದಲೇ ಅವಳು ಗಂಡನನ್ನು ಷೆಡ್ಡಿಗೆ ಕರೆದುಕೊಂಡು ಬಂದಳು. ಡ್ರಮ್ಮಿನ ಕಡೆಗಲ್ಲ, ತನ್ನ ಕೋಣೆಗೆ. ಇಷ್ಟು ವರ್ಷದಲ್ಲಿ ಅವನು ಅಲ್ಲಿಗೆ ಬಂದದ್ದು ಬೆರಳೆಣಿಕೆಯ ಸಲ. ಮೇಜು ಖಾಲಿಯಿತ್ತು. ಅದನ್ನು ಈ ತುದಿಗೆ ತಂದು ನಿಲ್ಲಿಸಿ ಗುಂಡಿಯ ಮೇಲೆ ಬೆರಳಿಟ್ಟಳು.

"ಎಣಿಸಿ."

"ಏನು?"

"ಡ್ರಮ್ಮಿನ ಮುಂದೆ ಹೇಗೆ ಎಣಿಸ್ತೀರೋ ಹಾಗೆ. ಒಂದು ಸಲ."

"ತಲೆ ಕೆಟ್ಟಿದೆಯಾ ನಿಂಗೆ?"

"ಕೆಟ್ಟಿದೆ. ಎಣಿಸಿ."

ಅವನು ಅವಳ ಮುಖ ನೋಡಿದ. ಎದೆ ತುಂಬಿಕೊಂಡು ಎಣಿಸಿದ. ಹದಿನಾಲ್ಕು ಎಂದು ನಿಲ್ಲಿಸಿದಾಗ ಮೇಜು ಅರ್ಧ ದಾರಿಗಿಂತ ಸ್ವಲ್ಪ ಮುಂದೆ ಇತ್ತು. ಇಬ್ಬರೂ ನಿಂತು ನೋಡಿದರು. ಮೇಜು ಅವಸರವಿಲ್ಲದೆ ಉಳಿದ ದಾರಿಯನ್ನು ಸಾಗಿ ಟಕ್ಕೆಂದು ತಾಗಿತು.

"ಮೊದಲು ಎರಡೂ ಒಟ್ಟಿಗೆ ಮುಟ್ತಿದ್ವು," ಎಂದಳು.

ಬೆಂಚಿನ ಅಡಿಯಿಂದ ಮಡಿಸಿಟ್ಟಿದ್ದ ಹಾಳೆಯೊಂದನ್ನು ಎಳೆದು ಬಿಚ್ಚಿ ಮೇಜಿನ ಮೇಲೆ ಹಾಸಿದಳು. ಬೆಂಕಿಯ ದಿನ ಬೆಳಿಗ್ಗೆ ಸೀಳಿದ್ದು, ಯಂತ್ರಕ್ಕೆ ಹಾಕಲು ಹೊತ್ತು ಸಿಕ್ಕಿರಲಿಲ್ಲ. ನಡುವೆ ಊಟದ ತಟ್ಟೆಗಿಂತ ದೊಡ್ಡದಾದ ಬೆಲ್ಲದ ಬಣ್ಣದ ಕಲೆ. ಮೇಸ್ತ್ರಿ ಅದರ ಮೇಲೆ ಅಂಗೈ ಒತ್ತಿದ. ಕೈ ತೆಗೆದಾಗ ಗುರುತು ಹಾಗೇ ಉಳಿದುಕೊಂಡಿತು. ಅವನಿಗೆ ಬೇರೆ ವಿವರಣೆ ಬೇಕಾಗಿರಲಿಲ್ಲ. ಅಷ್ಟು ವಿದ್ಯೆ ಅವನಲ್ಲಿತ್ತು.

"ಯಾವಾಗಿಂದ?"

"ಇಪ್ಪತ್ತಾರು ದಿನ."

"ಅವನಿಗೆ ಗೊತ್ತಿತ್ತಾ?"

"ಕೇಳಿದ. ಇಲ್ಲ ಅಂದೆ."

ಅವನು ಹಳಿಯ ಪಕ್ಕ ನೆಲದ ಮೇಲೆ ಕುಸಿದು ಕೂತ. ಹೊಡೆಯುತ್ತಾನೆ ಎಂದು ಅವಳು ಕಾದಳು, ಹೊಡೆದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ಕೂತಲ್ಲಿಂದ ಮೇಜನ್ನೇ ನೋಡುತ್ತಿದ್ದ.

"ನಿಧಾನ ಎಣಿಸಿದ್ನಲ್ಲ ಒಂದು ದಿನ," ಎಂದ. "ಅವತ್ತಿಂದು?"

"ಬೆಳ್ಳಗಿತ್ತು. ಒಂದರಲ್ಲೂ ಇರಲಿಲ್ಲ. ಆದರೆ ಅವತ್ತು ನಿಮ್ಮ ತುಟಿ…" 

"ಬೇಗ ಆಯ್ತು ಅಂತ ಅಷ್ಟು ಕರಾರುವಾಕ್ಕಾಗಿ ನಿಂಗೆ ಹೇಗೆ ಗೊತ್ತಾಯ್ತು? ಮೇಜಿಂದ್ಲಾ?"

"ಮೇಜಿಂದ. ಮತ್ತೆ ದಿನಾ ನಾನೂ ಎಣಿಸ್ತಿದ್ದೆ. ಮನಸ್ಸಲ್ಲೇ. ನಿಮ್ಮದು ಮುಗಿದ ಮೇಲೂ ನಂದು ನಡೀತಾ ಇರ್ತಿತ್ತು, ಮೇಜು ಮುಟ್ಟೋವರೆಗೂ."

 ಮೇಸ್ತ್ರಿ ಹಳಿ ಹಿಡಿದು ಎದ್ದು ನಿಂತ. "ಈಗ ಎಣಿಸು. ಗಟ್ಟಿಯಾಗಿ," ಎಂದ.

ಅವಳು ಮೇಜನ್ನು ಹಿಂದಕ್ಕೆ ತಂದಳು. ಅವನು ಎದೆ ತುಂಬಿಕೊಂಡು ಬಾಯಿ ಮುಚ್ಚಿ ಕಣ್ಣಿನಲ್ಲೇ ಸನ್ನೆ ಮಾಡಿದ. ಅವಳು ಗುಂಡಿ ಒತ್ತಿ "ಒಂದು" ಎಂದಳು. ಆ ಷೆಡ್ಡಿನಲ್ಲಿ ಎಣಿಕೆಯ ದನಿ ಹೆಂಗಸಿನದಾಗಿ ಕೇಳಿದ್ದು ಅದೇ ಮೊದಲು. ಮಾತಿಗೆ ಖರ್ಚಾಗದ ಉಸಿರು ಅವನ ಎದೆಯಲ್ಲಿ ಹಾಗೇ ನಿಂತಿತ್ತು. ಒಂಬತ್ತು ದಾಟಿತು. ಹನ್ನೊಂದಕ್ಕೆ ಕೊರಳಿನ ನರ ಬಿಗಿಯಿತು. ಹದಿಮೂರಕ್ಕೆ ಕಣ್ಣು ಕೆಂಪಗಾದವು. ಹದಿನಾಲ್ಕು ಎಂದಾಗ ಮೇಜು ಟಕ್ಕೆಂದಿತು, ಅವನು ಉಸಿರು ಬಿಟ್ಟ. ನಡುವೆ ಒಂದು ಸಲವೂ ಒಳಗೆಳೆದುಕೊಂಡಿರಲಿಲ್ಲ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅವನು ಕಿಸೆಯಲ್ಲಿದ್ದ ಕಾಗದ ತೆಗೆದು ನಾಲ್ಕಾಗಿ ಹರಿದು ಚೂರಿನ ಯಂತ್ರದ ಬಾಯಿಗೆ ಹಾಕಿದ. ಕಲೆಯಾದ ಹಾಳೆಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ಆಗಷ್ಟೇ ಬಂದಿದ್ದ ಯಜಮಾನರ ಕೋಣೆ ಅಟ್ಟದ ಮೇಲಿತ್ತು, ಹನ್ನೊಂದು ಕಬ್ಬಿಣದ ಮೆಟ್ಟಿಲು. ಹಿಂದೆ ಬಂದವಳಿಗೆ ಬರಬೇಡ ಎಂದು ಕೈ ಅಡ್ಡ ಮಾಡಿದ.

ಐದನೆಯ ಮೆಟ್ಟಿಲಿನಲ್ಲಿ ಉಸಿರು ಕಟ್ಟಿ ನಿಂತ. ಕಂಬಿ ಹಿಡಿದುಕೊಂಡು, ಅವಳ ಕಡೆ ತಿರುಗದೆ ಹೇಳಿದ.

"ಡ್ರಮ್ಮಿನ ಹತ್ರ ಒಂದೇ ಬಾಯಿ ಅಂದೋನು ನಾನೇ. ಆದರೂ ನೀನು ಗೋಡೆ ಆಚೆಯಿಂದ ಕೂಗಿ ಎಣಿಸಬಹುದಿತ್ತು ಕಣೇ."

ಅವಳು ಕೆಳಗೆ ನಿಂತೇ ಇದ್ದಳು. ಎಂಟು ದಿನದಿಂದ ಬಾರದೇ ಇದ್ದ ಅಳು ಅವಳಿಗೆ ಆಗ ಬಂತು. ಮೇಲೆ ಅವನು ಉಳಿದ ಆರು ಮೆಟ್ಟಿಲನ್ನು ಒಂದೊಂದಾಗಿ ಹತ್ತಿ ಬಾಗಿಲು ತಟ್ಟಿದ.